ಬೇಗ ಬಂದ್ರೂ ದಂಡ: ಒಂದು ಸ್ಟಾಪ್‌ವಾಚ್, ಸರಾಸರಿ ವೇಗ ಮತ್ತು ನಮ್ಮ ಯಲಹಂಕ ರಸ್ತೆ

ಹೆಬ್ಬಾಳ ಫ್ಲೈಓವರ್ ಮೇಲೆ ನಿಂತ್ಕೊಂಡು ಇದನ್ನ ಕೇಳ್ತಿದ್ದೀರಾ ಅಂದ್ರೆ ಆರಾಮಾಗಿ ಕೇಳಿ, ಎಪಿಸೋಡ್ ಮುಗಿಯೋವರೆಗೂ ನೀವು ಅಲ್ಲೇ ಇರ್ತೀರ.

ಇವತ್ತು ಮಾತಾಡೋದು ಒಂದು ಮೋಟಾರ್ ಸ್ಪರ್ಧೆ ಬಗ್ಗೆ. ಆದ್ರೆ ಇದರಲ್ಲಿ ಎಲ್ಲರಿಗಿಂತ ಮೊದಲು ಬಂದವರು ಗೆಲ್ಲಲ್ಲ. ನಿಜ ಹೇಳಬೇಕಂದ್ರೆ ಮೊದಲು ಬಂದವರಿಗೇ ಹೆಚ್ಚು ದಂಡ ಬೀಳತ್ತೆ. ಹೆಸರು ಟಿಎಸ್‌ಡಿ ರ‍್ಯಾಲಿ. ಟೈಮ್, ಸ್ಪೀಡ್, ಡಿಸ್ಟನ್ಸ್. ಏಳನೇ ಕ್ಲಾಸಿನ ಗಣಿತದ ಪುಸ್ತಕದಲ್ಲಿ ಕಾಲ, ವೇಗ, ದೂರ ಅಂತ ಒಂದು ಪಾಠ ಇತ್ತಲ್ಲ, ಪರೀಕ್ಷೆ ಮುಗಿದ ಮೇಲೆ ಯಾರೂ ತಿರುಗಿ ನೋಡದ ಪಾಠ, ಅದನ್ನೇ ಕಾರಲ್ಲಿ ಕೂತು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಮಾಡೋದು. ನಾನು ಬಿ.ಕಾಂ. ಓದಿದವಳು, ಇಂಜಿನ್ ಬಗ್ಗೆ ಗೊತ್ತಿರೋದು ಅಷ್ಟಕ್ಕಷ್ಟೆ. ಆದ್ರೆ ಲೆಕ್ಕ ಬರತ್ತೆ. ಈ ಆಟದಲ್ಲಿ ಲೆಕ್ಕ ಬರೋರಿಗೆ ಎಡಗಡೆ ಸೀಟು ಸಿಗತ್ತೆ. ಅವರನ್ನ ನ್ಯಾವಿಗೇಟರ್ ಅಂತಾರೆ.

ನಮ್ಮ ಕನ್ನಡದ ಊರುಗಳಿಗೆ ಎಡಗಡೆ ಸೀಟು ಹೊಸದೇನಲ್ಲ. ಕಾಸರಗೋಡಿನ ಮೂಸಾ ಷರೀಫ್ ದೇಶದ ಅತ್ಯಂತ ಹೆಸರುವಾಸಿ ಕೋ-ಡ್ರೈವರ್‌ಗಳಲ್ಲಿ ಒಬ್ಬರು. ಅವರದ್ದು ಮುಚ್ಚಿದ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿ ಓಡೋ ರ‍್ಯಾಲಿ, ಅದು ಬೇರೆ ಲೋಕ. ಬೆಂಗಳೂರಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದೆ, ಕೆ-1000 ಅನ್ನೋ ಅವರ ರ‍್ಯಾಲಿ ಹೆಸರು ನಿಮ್ಮಲ್ಲಿ ಕೆಲವರು ಕೇಳಿರ್ತೀರ. ನಾನು ಹೇಳ್ತಿರೋ ಟಿಎಸ್‌ಡಿ ಮಾತ್ರ ಮಾಮೂಲಿ ರಸ್ತೆಯಲ್ಲಿ, ಮಾಮೂಲಿ ಕಾರಲ್ಲಿ, ಹಾಲಿನ ವ್ಯಾನು, ಕುರಿ ಮಂದೆ, ಬಿಎಂಟಿಸಿ ಬಸ್ಸಿನ ಜೊತೆಗೇ ಆಡೋ ಆಟ.

ಹೇಗೆ ನಡೆಯತ್ತೆ ಅಂತ ಹೇಳ್ತೀನಿ. ಶುರುವಲ್ಲಿ ನಿಮ್ಮ ಕೈಗೆ ಒಂದು ರೋಡ್‌ಬುಕ್ ಕೊಡ್ತಾರೆ. ಅದರಲ್ಲಿ ಮ್ಯಾಪ್ ಇರಲ್ಲ, ಪುಟ್ಟ ಪುಟ್ಟ ಚಿತ್ರಗಳಿರತ್ವೆ. ಒಂದು ಚುಕ್ಕೆ, ಒಂದು ಬಾಣ, ಪಕ್ಕದಲ್ಲಿ ಕಿಲೋಮೀಟರ್. ಚುಕ್ಕೆ ಅಂದ್ರೆ ನೀವು ಬರ್ತಿರೋ ಕಡೆ, ಬಾಣ ಅಂದ್ರೆ ಹೋಗಬೇಕಾದ ಕಡೆ. ಇದಕ್ಕೆ ಟ್ಯೂಲಿಪ್ ಅಂತ ಹೆಸರು, ನೆದರ್ಲೆಂಡ್ಸ್‌ನ ಟ್ಯೂಲಿಪ್ ರ‍್ಯಾಲಿಯಿಂದ ಬಂದಿದ್ದು. ಚಿತ್ರದ ಜೊತೆಗೆ ಒಂದು ಸೂಚನೆ: ಇಲ್ಲಿಂದ ಅಲ್ಲಿವರೆಗೆ ಸರಾಸರಿ ಗಂಟೆಗೆ 36 ಕಿ.ಮೀ. ಆಮೇಲೆ 42. ಆಮೇಲೆ ಊರೊಳಗೆ 24. ನಡುವೆ ಎಲ್ಲೋ ಒಂದು ಮರದ ಕೆಳಗೋ, ತಿರುವಿನ ಆಚೆಗೋ ಗಡಿಯಾರ ಇಟ್ಕೊಂಡು ಜನ ಕೂತಿರ್ತಾರೆ. ಎಲ್ಲಿ ಅಂತ ಹೇಳಲ್ಲ. ನೀವು ಆ ಜಾಗಕ್ಕೆ ಬರಬೇಕಾದ ಸೆಕೆಂಡಿಗೂ ಬಂದ ಸೆಕೆಂಡಿಗೂ ಎಷ್ಟು ವ್ಯತ್ಯಾಸವೋ ಅಷ್ಟು ದಂಡ. ತಡವಾದ ಪ್ರತಿ ಸೆಕೆಂಡಿಗೆ ಒಂದು ಅಂಕ ಅಂದ್ರೆ, ಬೇಗ ಬಂದ ಪ್ರತಿ ಸೆಕೆಂಡಿಗೆ ಎರಡು ಹಾಕೋ ರ‍್ಯಾಲಿಗಳೂ ಇವೆ. ಕೊನೆಯಲ್ಲಿ ಯಾರ ದಂಡ ಕಡಿಮೆಯೋ ಅವರು ಗೆದ್ದ ಹಾಗೆ. ಎಲ್ಲಿ ಕೂತಿದ್ದಾರೆ ಅಂತ ಗೊತ್ತಿಲ್ಲದೇ ಇರೋದ್ರಿಂದ ಕೊನೇಲಿ ಸರಿ ಮಾಡ್ಕೋತೀನಿ ಅನ್ನೋ ಹಾಗಿಲ್ಲ. ಪ್ರತಿ ಕ್ಷಣಾನೂ ಸರಿ ಇರಬೇಕು.

ಈಗ ಆ 36 ಅನ್ನೋ ಸಂಖ್ಯೆ ನೋಡಿ. ಗಂಟೆಗೆ 36 ಕಿ.ಮೀ. ಅಂದ್ರೆ ಸೆಕೆಂಡಿಗೆ ಸರಿಯಾಗಿ 10 ಮೀಟರ್. ಒಂದು ಕಿಲೋಮೀಟರಿಗೆ 100 ಸೆಕೆಂಡ್. ಎಷ್ಟು ಚೆನ್ನಾಗಿದೆ! 3600 ಅನ್ನೋದನ್ನ ವೇಗದಿಂದ ಭಾಗಿಸಿದ್ರೆ ಒಂದು ಕಿ.ಮೀ.ಗೆ ಎಷ್ಟು ಸೆಕೆಂಡ್ ಅಂತ ಬರತ್ತೆ. 30ಕ್ಕೆ 120. 40ಕ್ಕೆ 90. 45ಕ್ಕೆ 80. 48ಕ್ಕೆ 75. ಈ ನಾಲ್ಕೈದು ಸಂಖ್ಯೆ ಮಗ್ಗಿ ತರ ಬಾಯಿಗೆ ಬಂದ್ರೆ ಅರ್ಧ ನ್ಯಾವಿಗೇಟರ್ ಆದ ಹಾಗೆ. ಕಾರಿನ ಮೀಟರಲ್ಲಿ 7.3 ಕಿ.ಮೀ. ಕಂಡಾಗ ಕೈಯಲ್ಲಿರೋ ವಾಚ್ 730 ಸೆಕೆಂಡ್, ಅಂದ್ರೆ 12 ನಿಮಿಷ 10 ಸೆಕೆಂಡ್ ತೋರಿಸಬೇಕು. 12:04 ತೋರಿಸಿದ್ರೆ ನಾವು 6 ಸೆಕೆಂಡ್ ಮುಂದೆ. ಕಾಲು ಎತ್ತು ಅಂತ ಡ್ರೈವರಿಗೆ ಹೇಳಬೇಕು.

ಡ್ರೈವರ್ ನನ್ನ ಕಾಲೇಜಿನ ಗೆಳತಿ. ಅವಳಿಗೆ ಸೆಕೆಂಡ್ ಲೆಕ್ಕ ಹೇಳಿದ್ರೆ ಸಿಟ್ಟು ಬರತ್ತೆ. "ಪ್ಲಸ್ಸಾ ಮೈನಸ್ಸಾ ಅಷ್ಟು ಹೇಳೇ, ಭಾಷಣ ಬೇಡ" ಅಂತಾಳೆ. ಅದಕ್ಕೆ ನಮ್ಮಿಬ್ಬರ ಮಧ್ಯೆ ಡೆಬಿಟ್, ಕ್ರೆಡಿಟ್ ಅನ್ನೋ ಭಾಷೆ ಇದೆ. ತಡ ಆದ್ರೆ ಡೆಬಿಟ್ ಆರು, ಮುಂದಿದ್ರೆ ಕ್ರೆಡಿಟ್ ಆರು. ಕ್ರೆಡಿಟ್ ಅಂದ ತಕ್ಷಣ ಖುಷಿಪಡೋ ಹಾಗಿಲ್ಲ ಅನ್ನೋದೊಂದೇ ಅಕೌಂಟ್ಸ್‌ಗೂ ಇದಕ್ಕೂ ಇರೋ ವ್ಯತ್ಯಾಸ.

ಇನ್ನು ವಾಚಿನ ವಿಷಯ. ಇದೇ ಇವತ್ತಿನ ಮುಖ್ಯ ವಿಷಯ ಅಂತ ಇಟ್ಕೊಳ್ಳಿ.

ಫೋನಲ್ಲೇ ಸ್ಟಾಪ್‌ವಾಚ್ ಇದೆಯಲ್ಲ ಅಂತ ಕೇಳ್ತೀರ. ಇದೆ. ಆದ್ರೆ ಗುಂಡಿಬಿದ್ದ ರಸ್ತೆಯಲ್ಲಿ, ಬೆವರಿದ ಬೆರಳಲ್ಲಿ, ಬಿಸಿಲು ಬೀಳ್ತಿರೋ ಗಾಜಿನ ಮೇಲೆ ಲ್ಯಾಪ್ ಅನ್ನೋ ಗುಂಡಿ ಎಲ್ಲಿದೆ ಅಂತ ಹುಡುಕೋ ಹೊತ್ತಿಗೆ ಯಾರದ್ದೋ ಮದುವೆ ಕರೆ ಬಂದಿರತ್ತೆ. ನಿಜವಾದ ಗುಂಡಿ ಇರೋ ಸ್ಟಾಪ್‌ವಾಚನ್ನ ನೋಡದೇ ಒತ್ತಬಹುದು. ಸ್ಕೂಲಿನ ಪಿ.ಟಿ. ಮೇಷ್ಟ್ರು ಕೊರಳಿಗೆ ಹಾಕ್ಕೋತಿದ್ರಲ್ಲ, ಅಂಥದ್ದೇ. ಕೆಲವು ರ‍್ಯಾಲಿಗಳಲ್ಲಿ, ಕೆಲವು ವರ್ಗಗಳಲ್ಲಿ ಜಿಪಿಎಸ್ ಆ್ಯಪ್ ಬಳಸೋದಕ್ಕೇ ಬಿಡಲ್ಲ. ಅಲ್ಲಿ ಕಾರಿನ ಮೀಟರು, ಕೈಯಲ್ಲಿ ವಾಚು, ಒಂದು ಕ್ಯಾಲ್ಕುಲೇಟರ್, ಪೆನ್ಸಿಲ್, ಇಷ್ಟೇ.

ಬಳಸೋದಕ್ಕೂ ಒಂದು ಕ್ರಮ ಇದೆ. ಒಮ್ಮೆ ಶುರು ಮಾಡಿದ ವಾಚನ್ನ ಕೊನೇವರೆಗೂ ನಿಲ್ಲಿಸಬಾರದು. ವೇಗ 36ರಿಂದ 42ಕ್ಕೆ ಬದಲಾದ ಜಾಗದಲ್ಲಿ ನಿಲ್ಲಿಸಿ, ಸೊನ್ನೆ ಮಾಡಿ, ಮತ್ತೆ ಒತ್ತಿದ್ರೆ ಪ್ರತಿ ಸಲ ಬೆರಳು ಒಂದಿಷ್ಟು ಸಮಯ ತಿನ್ನತ್ತೆ. ಹತ್ತು ಕಡೆ ಹಾಗೆ ಮಾಡಿದ್ರೆ ಎರಡು ಮೂರು ಸೆಕೆಂಡ್ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಅದಕ್ಕೆ ಒಂದು ವಾಚು ಶುರುವಿಂದ ಓಡ್ತಾನೇ ಇರಬೇಕು, ನಡುವೆ ಬೇಕಾದಾಗ ಲ್ಯಾಪ್ ಮಾತ್ರ ಒತ್ತಬೇಕು. ಲ್ಯಾಪ್ ಒತ್ತಿದಾಗ ಪರದೆ ನಿಂತ ಹಾಗೆ ಕಾಣತ್ತೆ, ಒಳಗೆ ಎಣಿಕೆ ನಡೀತಿರತ್ತೆ. ಎರಡನೇ ವಾಚು ಕೊರಳಲ್ಲಿ ಇರಲಿ. ಇನ್ನೊಂದು ಮಾತು, ಶುರುವಲ್ಲಿ ನಿಮ್ಮ ಫೋನಿನ ಟೈಮ್ ಸರಿನಾ ಅಂತ ವಾದ ಮಾಡ್ಬೇಡಿ. ಆಯೋಜಕರ ಮೇಜಿನ ಮೇಲಿರೋ ಗಡಿಯಾರವೇ ಆ ದಿನದ ಸತ್ಯ. ಅದು ತಪ್ಪಿದ್ರೂ ಅದೇ ಸರಿ. ನಿಮ್ಮ ವಾಚನ್ನ ಅದಕ್ಕೆ ಹೊಂದಿಸ್ಕೊಳ್ಳಿ.

ಕ್ವಾರ್ಟ್ಜ್ ವಾಚು ಸಾಮಾನ್ಯವಾಗಿ ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ಹಿಂದೆ ಮುಂದೆ ಆಗಬಹುದು, ಅಂದ್ರೆ ದಿನಕ್ಕೆ ಅರ್ಧ ಸೆಕೆಂಡ್. ಅದಕ್ಕೆ ತಲೆ ಕೆಡಿಸ್ಕೋಬೇಕಿಲ್ಲ. ನಮ್ಮ ಯಶವಂತಪುರದ ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ವಾಚ್ ಮಾಡೋಕೆ ಶುರು ಮಾಡಿತಲ್ಲ, ಆ ಕೀ ಕೊಡೋ ಜನತಾ ವಾಚು ಗಂಟೆಗೆ 18,000 ಸಲ ಟಿಕ್ ಅನ್ನತ್ತೆ. ಸೆಕೆಂಡಿಗೆ ಐದು. ಅಂದ್ರೆ ಎರಡು ಟಿಕ್ಕಿನ ಮಧ್ಯೆ 0.2 ಸೆಕೆಂಡ್. 36 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಕಾರು ಹೋಗೋದು 2 ಮೀಟರ್. ನಮ್ಮ ಅಜ್ಜನ ಕೈಯಲ್ಲಿದ್ದ ವಾಚು ಇಷ್ಟು ಸೂಕ್ಷ್ಮ ಅಂತ ನನಗೆ ಈ ಲೆಕ್ಕ ಹಾಕೋವರೆಗೂ ಅನಿಸಿರಲಿಲ್ಲ. ಜಾಲಹಳ್ಳಿಯಲ್ಲಿ ಈಗ ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ, ಹೋಗಿ ನೋಡಿ.

ಕೈಯಲ್ಲಿ ಹಿಡಿಯೋ ಯಂತ್ರಗಳ ರಾಜ ಅಂದ್ರೆ ಕುರ್ಟಾ. ಮೆಣಸಿನಪುಡಿ ಮಾಡೋ ಪುಟ್ಟ ಡಬ್ಬಿ ತರ ಕಾಣತ್ತೆ, ಮೇಲೆ ಒಂದು ತಿರುಗಿಸೋ ಹಿಡಿ. ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ, ಪೂರ್ತಿ ಹಲ್ಲುಚಕ್ರಗಳ ಕ್ಯಾಲ್ಕುಲೇಟರ್. ಇದನ್ನ ಮಾಡಿದ ಆಸ್ಟ್ರಿಯಾದ ಕುರ್ಟ್ ಹೆರ್ಟ್ಸ್‌ಟಾರ್ಕ್ ಅವರನ್ನ ನಾಜಿಗಳು ಬುಚೆನ್‌ವಾಲ್ಡ್ ಶಿಬಿರದಲ್ಲಿ ಕೂಡಿಹಾಕಿದ್ರು. ಅಲ್ಲಿದ್ದುಕೊಂಡೇ ಅವರು ಇದರ ನಕ್ಷೆಯನ್ನ ಪೂರ್ತಿ ಮಾಡಿದ್ರು. ಬದುಕಿ ಹೊರಗೆ ಬಂದ ಮೇಲೆ, 1948ರ ಹೊತ್ತಿಗೆ ಲಿಕ್ಟನ್‌ಸ್ಟೈನ್ ಅನ್ನೋ ಪುಟ್ಟ ದೇಶದಲ್ಲಿ ಇದು ತಯಾರಾಗೋಕೆ ಶುರುವಾಯ್ತು. ಎಪ್ಪತ್ತರ ದಶಕದ ಆರಂಭದವರೆಗೆ ಸುಮಾರು 1,40,000 ಕುರ್ಟಾ ಬಂದ್ವು. ರ‍್ಯಾಲಿಯವರು ಇದನ್ನ ಬಳಸ್ತಿದ್ದ ರೀತಿ ನೋಡಿ: ಒಂದು ಮೈಲಿಯ ನೂರನೇ ಒಂದು ಭಾಗಕ್ಕೆ ಎಷ್ಟು ಸಮಯವೋ ಅದನ್ನ ಪಕ್ಕದ ಗುಂಡಿಗಳಲ್ಲಿ ಇಡೋದು. ಮೀಟರು ಒಂದೊಂದು ಅಂಕಿ ತಿರುಗಿದಾಗಲೂ ಹಿಡೀನ ಒಂದು ಸುತ್ತು ತಿರುಗಿಸೋದು. ಒಂದು ಕಿಂಡಿಯಲ್ಲಿ ದೂರ, ಇನ್ನೊಂದು ಕಿಂಡಿಯಲ್ಲಿ ಇರಬೇಕಾದ ಸಮಯ. ಅದನ್ನ ವಾಚಿಗೆ ಹೋಲಿಸಿದ್ರೆ ಮುಗೀತು. ಕತ್ತಲಲ್ಲೂ ಕೈ ಮುಟ್ಟಿಯೇ ಮಾಡಬಹುದಿತ್ತು. ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಬಂದು ವರ್ಷಗಳಾದ ಮೇಲೂ ರ‍್ಯಾಲಿ ಕಾರುಗಳಲ್ಲಿ ಕುರ್ಟಾ ಉಳ್ಕೊಂಡಿತ್ತು.

ಸರಿ, ವಾಚು ಸರಿ ಇದೆ. ದೂರ ಸರಿ ಇದೆಯಾ? ಇದು ಹೊಸಬರು ಯಾರೂ ಯೋಚನೆ ಮಾಡದ ಪ್ರಶ್ನೆ. ರೋಡ್‌ಬುಕ್ಕಿನ ಮೊದಲ ಭಾಗದಲ್ಲಿ ಓಡೋ ಚೆಕ್ ಅಂತ ಕೊಟ್ಟಿರ್ತಾರೆ. ಉದಾಹರಣೆಗೆ ರಾಜಾನುಕುಂಟೆ ದಾಟಿ ಯಾವುದೋ ಮೈಲಿಗಲ್ಲಿನ ಹತ್ತಿರ ಪುಸ್ತಕ 8.00 ಅನ್ನತ್ತೆ, ನಮ್ಮ ಕಾರು 8.24 ತೋರಿಸತ್ತೆ. ಟೈರು ಸವೆದಿರಬಹುದು, ಗಾಳಿ ಕಡಿಮೆ ಇರಬಹುದು, ಕಾರಿನ ಸ್ವಭಾವವೇ ಹಾಗಿರಬಹುದು. ಈಗ 8.00ನ್ನ 8.24ರಿಂದ ಭಾಗಿಸಿದ್ರೆ 0.971. ಇನ್ನು ಮೇಲೆ ನಮ್ಮ ಮೀಟರಿನ ಪ್ರತಿ ಸಂಖ್ಯೆಯನ್ನೂ ಇದರಿಂದ ಗುಣಿಸಬೇಕು. ಬಿಟ್ರೆ ಏನಾಗತ್ತೆ? ನಮ್ಮ ಮೀಟರ್ 20 ಅಂದಾಗ ನಿಜವಾಗಿ ಬಂದಿರೋದು 19.42. 580 ಮೀಟರ್ ವ್ಯತ್ಯಾಸ. 36ರ ವೇಗದಲ್ಲಿ ಅದು 58 ಸೆಕೆಂಡ್. ನೂರನೇ ಒಂದು ಸೆಕೆಂಡ್ ತೋರಿಸೋ ವಾಚ್ ಹಿಡ್ಕೊಂಡು ಒಂದು ನಿಮಿಷ ತಪ್ಪು ಲೆಕ್ಕದಲ್ಲಿ ಓಡ್ತಿರ್ತೀವಿ. ನಾಣ್ಯದ ಚಿಲ್ಲರೆ ಎಣಿಸ್ತಾ ಕೂತು ನೋಟಿನ ಕಟ್ಟು ಮರೆತ ಹಾಗೆ.

ಈಗ ನನಗೆ ಈ ಆಟ ಯಾಕೆ ಹಿಡಿಸಿತು ಅನ್ನೋದಕ್ಕೆ ಬರ್ತೀನಿ. ಕಳೆದುಹೋದ ಸಮಯವನ್ನ ವಾಪಸ್ ತರೋದು ಎಷ್ಟು ಕಷ್ಟ ಅಂತ ಈ ವಾಚು ತೋರಿಸಿದಷ್ಟು ನಿಚ್ಚಳವಾಗಿ ನನಗೆ ಬೇರೆ ಯಾವುದೂ ತೋರಿಸಿಲ್ಲ.

10 ಕಿ.ಮೀ. ಭಾಗ, ಸರಾಸರಿ 36 ಅಂತ ಇಟ್ಕೊಳ್ಳಿ. ಒಟ್ಟು 1000 ಸೆಕೆಂಡ್ ಇದೆ. ಮೊದಲ 2 ಕಿ.ಮೀ.ನಲ್ಲಿ ಎಮ್ಮೆ ಅಡ್ಡ ಬಂದು, ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕ್ಕೊಂಡು 360 ಸೆಕೆಂಡ್ ಹೋಯ್ತು. ಉಳಿದಿದ್ದು 8 ಕಿ.ಮೀ., 640 ಸೆಕೆಂಡ್. ಈಗ ಬೇಕಾದ ಸರಾಸರಿ 45. ಪರವಾಗಿಲ್ಲ, ಆಗತ್ತೆ. ಆದ್ರೆ 4 ಕಿ.ಮೀ.ಗೆ 720 ಸೆಕೆಂಡ್ ಹೋಗಿದ್ರೆ? ಉಳಿದ 6 ಕಿ.ಮೀ.ಗೆ 280 ಸೆಕೆಂಡ್. ಸರಾಸರಿ 77. ಊರು, ಹಂಪ್ಸು, ಶಾಲೆ ಬಿಡೋ ಹೊತ್ತು. ಸ್ಪೀಡೋಮೀಟರಲ್ಲಿ ನೂರು ಕಂಡ್ರೂ ಆ ಸರಾಸರಿ ಬರಲ್ಲ. ಅರ್ಧ ದೂರವನ್ನ 20ರಲ್ಲಿ, ಇನ್ನರ್ಧ ದೂರವನ್ನ 60ರಲ್ಲಿ ಹೋದ್ರೆ ಸರಾಸರಿ 40 ಅಂತ ನಮ್ಮ ಮನಸ್ಸು ಹೇಳತ್ತೆ. ಅಲ್ಲ, 30. ನಿಧಾನವಾಗಿ ಹೋದ ಅರ್ಧದಲ್ಲೇ ಹೆಚ್ಚು ಹೊತ್ತು ಕಳೆದಿರ್ತೀವಿ, ಅದಕ್ಕೆ ಅದರ ತೂಕವೇ ಹೆಚ್ಚು. ಪಳಗಿದ ನ್ಯಾವಿಗೇಟರ್‌ಗಳು ಇಂಥ ಹೊತ್ತಲ್ಲಿ ವಾಚ್ ನೋಡಿ, "ಈ ಭಾಗ ಹೋಯ್ತು, ಬಿಡು, ದಂಡ ತಗೊಳ್ಳೋಣ" ಅಂತಾರೆ. ಅದು ಸೋಲಲ್ಲ, ಲೆಕ್ಕ.

ಇಲ್ಲಿಂದ ನಾನು ನನ್ನ ಚಿಕ್ಕಮ್ಮನ ಮಗನ ಕಥೆಗೆ ಬರಲೇಬೇಕು. ಇಪ್ಪತ್ತೊಂದು ವರ್ಷ, ಆರ್‌ಟಿ ನಗರದ ಕಡೆ ದಿನಸಿ ಡೆಲಿವರಿ ಮಾಡ್ತಾನೆ. ಯಾವ ಆ್ಯಪ್ ಅನ್ನೋದು ಬೇಡ. ಏಳು ತಿಂಗಳ ಹಿಂದೆ ಒಂದು ಯೂ-ಟರ್ನ್ ತಪ್ಪಿಸೋಕೆ ರಾಂಗ್ ಸೈಡಲ್ಲಿ ಹೋಗಿ, ಎದುರಿಗೆ ಬಂದ ಕಾರಿಗೆ ಸಿಕ್ಕಿ ಕುತ್ತಿಗೆ ಪಕ್ಕದ ಮೂಳೆ ಮುರ್ಕೊಂಡ. ಆರು ವಾರ ಮನೇಲಿ. ಚಿಕ್ಕಮ್ಮ ಫೋನ್ ಮಾಡಿ ಅತ್ತಿದ್ದು ಇನ್ನೂ ಕಿವೀಲಿದೆ. ಎಲ್ಲರೂ ಅವನಿಗೆ ಬುದ್ಧಿ ಹೇಳಿದ್ರು. ಅವನು ಮಾತ್ರ ನನ್ನ ಹತ್ರ ಬಂದು, "ಅಕ್ಕಾ, ನಿನ್ನ ಆ ವಾಚಲ್ಲಿ ನನ್ನ ರೂಟ್ ಅಳೆದು ಕೊಡ್ತೀಯಾ?" ಅಂತ ಕೇಳಿದ.

ಅಳೆದ್ವಿ. ಅವನು ಲಾಗಿನ್ ಆಗದ ಒಂದು ಸಂಜೆ, ಅವನ ಸ್ಕೂಟರ್ ಹಿಂದೆ ನಾನು, ಹೆಲ್ಮೆಟ್ಟು, ಕೈಯಲ್ಲಿ ಸ್ಟಾಪ್‌ವಾಚ್. ಅವನಿಗೆ ಮಾಮೂಲಿ ಬರೋ ಒಂದು ಮನೆ, 2.4 ಕಿ.ಮೀ. ಹತ್ತು ನಿಮಿಷ ಅಂದ್ರೆ 600 ಸೆಕೆಂಡ್. ಅಂಗಡಿಯಲ್ಲಿ ಚೀಲ ಕೈಗೆ ಬರೋಕೆ ಅವನೇ ಬರೆದಿಟ್ಟ ಲೆಕ್ಕದಲ್ಲಿ 130. ಅಪಾರ್ಟ್‌ಮೆಂಟ್ ಗೇಟಲ್ಲಿ ಹೆಸರು ಬರೆದು, ಸರ್ವೀಸ್ ಲಿಫ್ಟಿಗೆ ಕಾದು, ಬಾಗಿಲು ತಟ್ಟೋಕೆ 170. ಉಳೀತು 300. 2.4 ಕಿ.ಮೀ.ನ 300 ಸೆಕೆಂಡಲ್ಲಿ ಮುಗಿಸಬೇಕಂದ್ರೆ ಸರಾಸರಿ 28.8. ಕಡಿಮೆ ಅನಿಸತ್ತೆ ಅಲ್ವಾ? ಟಾಮ್‌ಟಾಮ್ ಸಂಸ್ಥೆಯ 2022ರ ಟ್ರಾಫಿಕ್ ಸೂಚ್ಯಂಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ.ಗೆ 29 ನಿಮಿಷ 10 ಸೆಕೆಂಡ್ ಬೇಕು ಅಂತ ಬಂದಿತ್ತು. ಕಿಲೋಮೀಟರಿಗೆ 175 ಸೆಕೆಂಡ್. ಆ ಲೆಕ್ಕದಲ್ಲಿ 2.4ಕ್ಕೆ 420 ಸೆಕೆಂಡ್. ಆರ್‌ಟಿ ನಗರ ನಡುಭಾಗ ಅಲ್ಲ, ಸ್ಕೂಟರ್ ಕಾರಲ್ಲ, ಹೆಚ್ಚು ಕಡಿಮೆ ಇರತ್ತೆ. ನಾವು ಎಲ್ಲ ಸಿಗ್ನಲ್ಲಿಗೂ ನಿಂತು, ಯೂ-ಟರ್ನ್ ಸರಿಯಾಗಿ ತಗೊಂಡು ಮೂರು ಸಲ ಹೋದಾಗ ಬಂದಿದ್ದು 6 ನಿಮಿಷ 50, 7 ನಿಮಿಷ 40, 7 ನಿಮಿಷ 5. ಒಂದ್ಸಲಾನೂ 5 ನಿಮಿಷದ ಹತ್ರ ಬರಲಿಲ್ಲ. ಆ ಯೂ-ಟರ್ನ್ ಒಂದಕ್ಕೇ ಸರಾಸರಿ 1 ನಿಮಿಷ 35 ಸೆಕೆಂಡ್.

ಅವನು ರಸ್ತೆ ಪಕ್ಕ ಸ್ಕೂಟರ್ ನಿಲ್ಲಿಸಿ ಆ ಸಂಖ್ಯೆಯನ್ನ ತುಂಬ ಹೊತ್ತು ನೋಡಿದ. "ಹಾಗಾದ್ರೆ ನಾನು ದಿನಾ ಈ ಒಂದೂವರೆ ನಿಮಿಷಕ್ಕೆ ರಾಂಗ್ ಸೈಡ್ ಹೋಗ್ತಿದ್ನಾ?" ಅಂದ. ಉತ್ತರ ಹೇಳೋ ಅಗತ್ಯ ಇರಲಿಲ್ಲ.

ತಡ ಆದ್ರೆ ದಂಡ ಇಲ್ಲ ಅಂತ ಆ್ಯಪ್‌ನವರು ಹೇಳ್ತಾರಂತೆ. ಇರಬಹುದು. ಆದ್ರೆ ಅವನ ಪರದೆ ಮೇಲೆ ಗಡಿಯಾರ ಹಿಂದಕ್ಕೆ ಓಡ್ತಾನೇ ಇರತ್ತೆ, ಬಾಗಿಲು ತೆಗೆಯೋರ ಮುಖದಲ್ಲಿ ಇನ್ನೊಂದು ಗಡಿಯಾರ ಇರತ್ತೆ. ರ‍್ಯಾಲಿ ಆಯೋಜಕರು ಸರಾಸರಿ ವೇಗ ಬರೆಯೋ ಮೊದಲು ಆ ರಸ್ತೆಯಲ್ಲಿ ತಾವೇ ಓಡಿಸಿ ನೋಡ್ತಾರೆ. ಊರಿದ್ರೆ ಇಳಿಸ್ತಾರೆ, ಶಾಲೆ ಇದ್ರೆ ಇಳಿಸ್ತಾರೆ, ಬೇಗ ಬಂದ್ರೆ ದಂಡ ಹಾಕ್ತಾರೆ. 28.8 ಅನ್ನೋ ಈ ಸರಾಸರಿಯನ್ನ ಬರೆದವರು ಯಾರು, ಅವರು ಯಾವ ಸ್ಕೂಟರಲ್ಲಿ ಓಡಿಸಿ ನೋಡಿದ್ರು ಅಂತ ನನಗೆ ಕೇಳಬೇಕು ಅನಿಸಿತು. ಅವನು ಕೇಳಿದ. ಲೆಕ್ಕ ಬರೆದ ಹಾಳೆ ತಗೊಂಡು ಹೋಗಿ ಅಂಗಡಿಯ ಮೇಲ್ವಿಚಾರಕರಿಗೆ ತೋರಿಸಿದ. "ಟೈಮ್ ಹಾಕೋದು ಸಿಸ್ಟಮ್, ನಾವಲ್ಲ" ಅಂದ್ರಂತೆ. ಈಗ ಅವನು ಯೂ-ಟರ್ನ್ ತಗೊಂಡೇ ಹೋಗ್ತಾನೆ. ಗಂಟೆಗೆ ಒಂದು ಆರ್ಡರ್ ಕಡಿಮೆ ಆಗಿದೆ ಅಂತಾನೆ. ತಿಂಗಳ ಕೊನೇಲಿ ಅದು ಗೊತ್ತಾಗತ್ತೆ, ಸ್ಕೂಟರಿನ ಕಂತು ಇದೆ. ಚಿಕ್ಕಮ್ಮನಿಗೆ ಈ ಎರಡನೇ ಭಾಗ ಇನ್ನೂ ಹೇಳಿಲ್ಲ.

ಕಾನೂನಿನ ಮಾತು ಬೇಗ ಮುಗಿಸ್ತೀನಿ. ಭಾನುವಾರ ಬೆಳಿಗ್ಗೆ ಬಳ್ಳಾರಿ ರಸ್ತೆಯಲ್ಲಿ ನಂದಿ ಬೆಟ್ಟದ ಕಡೆ ರೇಸ್ ಹೊಡೆಯೋರು ಇದನ್ನ ರ‍್ಯಾಲಿ ಅಂತ ಕರೀಬೇಡಿ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪೈಪೋಟಿ ಮಾಡಿದ್ರೆ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 184ನೇ ಕಲಂ ಪ್ರಕಾರ ಓಡಿಸ್ತಾ ಇರೋವಾಗ ಕೈಯಲ್ಲಿ ಫೋನ್ ಹಿಡಿಯೋದು ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಬರತ್ತೆ. ಅದಕ್ಕೇ ಟಿಎಸ್‌ಡಿಯಲ್ಲಿ ಇಬ್ಬರು ಇರೋದು. ವಾಚು ಎಡಗಡೆ ಸೀಟಿನವರ ಕೈಯಲ್ಲಿ, ಸ್ಟೀರಿಂಗ್ ಬಲಗಡೆಯವರ ಕೈಯಲ್ಲಿ. ಕಣ್ಣು ಕಾಣದವರು ಬ್ರೈಲ್ ರೋಡ್‌ಬುಕ್ ಓದಿ ದಾರಿ ಹೇಳೋ ರ‍್ಯಾಲಿಗಳು ನಮ್ಮ ದೇಶದಲ್ಲಿ ನಡೀತವೆ. ಅಲ್ಲಿ ಡ್ರೈವರಿಗೆ ಕಣ್ಣಿದ್ರೂ ದಾರಿ ಗೊತ್ತಿರಲ್ಲ, ಎಡಗಡೆಯವರ ಬೆರಳೇ ದಾರಿ. ಒಂದು ಸಲ ಹೋಗಿ ನೋಡಬೇಕು ಅಂತ ಆಸೆ ಇದೆ.

ನಿಮಗೂ ಮಾಡಬೇಕು ಅನಿಸಿದ್ರೆ ರ‍್ಯಾಲಿಗೆ ಹೆಸರು ಕೊಡೋ ಅವಸರ ಬೇಡ. ಕೆಲವು ನೂರು ರೂಪಾಯಿಗೆ ಸ್ಟಾಪ್‌ವಾಚ್ ಸಿಗತ್ತೆ. ಇಬ್ಬರು ಸೇರಿ ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಬೆಳಿಗ್ಗೆ ಹೊರಡಿ. ಸರಾಸರಿ 36 ಇಟ್ಕೊಳ್ಳಿ, ಕಿಲೋಮೀಟರಿಗೆ 100 ಸೆಕೆಂಡ್. ಪ್ರತಿ ಕಿ.ಮೀ.ಗೆ ಡೆಬಿಟ್ಟೋ ಕ್ರೆಡಿಟ್ಟೋ ಬರೀರಿ, ಆದ್ರೆ ಡ್ರೈವರಿಗೆ ಹೇಳ್ಬೇಡಿ. ವಾಪಸ್ ಬರೋವಾಗ ಹೇಳ್ತಾ ಬನ್ನಿ. ಎರಡು ಹಾಳೆ ಪಕ್ಕ ಪಕ್ಕ ಇಟ್ಟು ನೋಡಿ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗೋರಿದ್ರೆ ಪೂಜೆ ಮುಗಿಸ್ಕೊಂಡು ಬಂದೇ ನೋಡಿ, ಜಗಳ ಕಡಿಮೆ ಆಗತ್ತೆ.

ಈ ವಾರದ ಲೆಕ್ಕ: 12.6 ಕಿ.ಮೀ. ಭಾಗ, ಸರಾಸರಿ 42. ನಿಮ್ಮ ಮೀಟರು ನೂರಕ್ಕೆ ಎರಡರಷ್ಟು ಹೆಚ್ಚು ತೋರಿಸತ್ತೆ. ಭಾಗ ಮುಗಿಯೋವಾಗ ನಿಮ್ಮ ಮೀಟರಲ್ಲಿ ಎಷ್ಟಿರಬೇಕು, ವಾಚಲ್ಲಿ ಎಷ್ಟಿರಬೇಕು? ಫೋನಿನ ಕ್ಯಾಲ್ಕುಲೇಟರ್ ಬೇಡ, ಪೆನ್ಸಿಲ್ ಸಾಕು. ಉತ್ತರ ಮುಂದಿನ ವಾರ.